ಮೋಟಾರು ಕಾರಿನ ಬಣ್ಣಕ್ಕೆ ರಕ್ಷಾಲೇಪ: ಅದರ ಲಕ್ಷಣ, ಭೇದ ಮತ್ತು ಪರೀಕ್ಷೆ

ಮೋಟಾರು ಕಾರಿನ ಮೈಗೆ ಬಳಿಯುವ ಲೇಪಗಳ ವಿಚಾರವು ವಿದ್ವತ್ಪತ್ರಿಕೆಯೊಂದರಲ್ಲಿ ಏಕೆ ಬರಬೇಕೆಂದು ವಾಚಕರು ಕೇಳಬಹುದು. ಲೇಪವಿಚಾರವು ನಮ್ಮ ಶಾಸ್ತ್ರಗ್ರಂಥಗಳಿಗೆ ಹೊಸದಲ್ಲವೆಂಬುದೇ ಅದಕ್ಕೆ ಮೊದಲ ಉತ್ತರ. ಕ್ರಿಸ್ತಶಕ ೬ನೆಯ ಶತಮಾನದ ವರಾಹಮಿಹಿರಾಚಾರ್ಯನು ತನ್ನ ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಾಗಿಟ್ಟಿದ್ದಾನೆ. ತಿಂದುಕದ ಎಳೆಗಾಯಿ, ಬೇಲದ ಎಳೆಗಾಯಿ, ಬೂರುಗದ ಹೂ, ಬಜೆ ಮೊದಲಾದುವನ್ನು ನೀರಿನಲ್ಲಿ ಕುದಿಸಿ, ಎಂಟರಲ್ಲೊಂದು ಪಾಲಿಗೆ ಇಳಿಸಿ, ಅದಕ್ಕೆ ಗುಗ್ಗುಳ, ರಾಳ, ಅಗಸೆ, ಬಿಲ್ವ ಇವೇ ಮೊದಲಾದುವುಗಳ ಕಲ್ಕವನ್ನು ಕೂಡಿಸಿ, ಬಿಸಿಯಾಗಿರುವಾಗಲೇ ದೇವಾಲಯ, ಪ್ರತಿಮೆ, ಗೋಡೆ, ಬಾವಿಗಳಿಗೆ ಬಳಿಯಬೇಕೆಂದು ಅಲ್ಲಿ ವಿಧಿಸಿದೆ. ಹೀಗೆ ಬಳಿದ ಲೇಪವು ಸಹಸ್ರಾಯುತ ವರ್ಷ, ಎಂದರೆ ಒಂದು ಕೋಟಿ ವರ್ಷ, ನಿಲ್ಲುವುದೆಂದು ಫಲವನ್ನೂ ಹೇಳಿದೆ. ಐದು ವರ್ಷ, ಹತ್ತು ವರ್ಷ ಎಂದು ಭರವಸೆ ಕೊಡುವ ಇಂದಿನ ಲೇಪವ್ಯಾಪಾರಿಗಳು ಆಚಾರ್ಯನ ಮುಂದೆ ವಿನಯಶಾಲಿಗಳೆಂದೇ ಹೇಳಬೇಕು.

ಎರಡನೆಯ ಉತ್ತರವು ಇದಕ್ಕಿಂತ ಮುಖ್ಯವಾದುದು. ಈ ವ್ಯಾಪಾರದಲ್ಲಿ ಶಬ್ದಗಳು ಅರ್ಥವನ್ನು ಬಿಟ್ಟು ಅಲೆಯುತ್ತಿವೆ. ಪಾಲಿಶ್, ವ್ಯಾಕ್ಸ್, ಸೀಲಂಟ್, ಟೆಫ್ಲಾನ್, ಸಿರಾಮಿಕ್ ಎಂಬ ಮಾತುಗಳನ್ನು ಒಂದರ ಸ್ಥಾನದಲ್ಲಿ ಮತ್ತೊಂದನ್ನಿಟ್ಟು ಆಡುವುದು ರೂಢಿಯಾಗಿದೆ. ಶಬ್ದದ ಸಾಂಕರ್ಯವು ಶಬ್ದದಲ್ಲಿಯೇ ನಿಲ್ಲುವುದಾದರೆ ನಷ್ಟವಿರಲಿಲ್ಲ. ಆದರೆ ಇಲ್ಲಿ ಅದರಿಂದ ಪದಾರ್ಥಕ್ಕೇ ಹಾನಿಯುಂಟು. ಒಮ್ಮೆ ಹೋದರೆ ತಿರುಗಿ ಬಾರದ ಒಂದು ತೆಳುವಾದ ಪದರವು ತಪ್ಪು ಹೆಸರಿನ ಕೆಳಗೆ ತೇಯಿಸಲ್ಪಡುತ್ತಿದೆ. ಆದುದರಿಂದ ಈ ವಿಷಯಕ್ಕೆ ಶಾಸ್ತ್ರಕ್ರಮವನ್ನು ಅನ್ವಯಿಸುವುದು ಯುಕ್ತವೇ ಆಗಿದೆ. ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನು ಶಾಸ್ತ್ರದ ಪ್ರವೃತ್ತಿ ಮೂರು ಬಗೆಯೆಂದು ಹೇಳುತ್ತಾನೆ: ಪದಾರ್ಥಗಳನ್ನು ಹೆಸರಿಸುವುದು ಉದ್ದೇಶ, ಅವುಗಳ ಅಸಾಧಾರಣ ಧರ್ಮವನ್ನು ಹೇಳುವುದು ಲಕ್ಷಣ, ಆ ಲಕ್ಷಣವು ಹೊಂದುವುದೋ ಇಲ್ಲವೋ ಎಂದು ಪ್ರಮಾಣಗಳಿಂದ ನಿಶ್ಚಯಿಸುವುದು ಪರೀಕ್ಷೆ. ಇದೇ ಮಾರ್ಗದಲ್ಲಿ ನಡೆಯೋಣ.

೧. ರಕ್ಷ್ಯವಸ್ತು ಯಾವುದು?

ಕಾಯುವುದನ್ನು ಆರಿಸುವ ಮೊದಲು ಕಾಯಬೇಕಾದುದನ್ನು ಅರಿಯಬೇಕು. ಕಾರಿನ ಬಣ್ಣವೆಂದು ನಾವು ಒಂದೇ ಮಾತಿನಲ್ಲಿ ಹೇಳುವುದು ವಸ್ತುತಃ ಅನೇಕ ಪದರಗಳ ಸಮುದಾಯ. ಉಕ್ಕಿನ ತಗಡನ್ನು ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ತಿನ ಸಹಾಯದಿಂದ ಕೂರಿಸುವ, ತುಕ್ಕನ್ನು ತಡೆಯುವ ಪದರವು ಮೊದಲನೆಯದು. ಅದರ ಮೇಲೆ ಉಬ್ಬುತಗ್ಗುಗಳನ್ನು ಸಮಮಾಡಿ ಮೇಲಿನ ಬಣ್ಣಕ್ಕೆ ಆಸರೆಯಾಗುವ ಪ್ರೈಮರ್ ಎಂಬ ಪೂರ್ವಲೇಪವುಂಟು. ಮೂರನೆಯದು ಕಣ್ಣಿಗೆ ಕೆಂಪು, ನೀಲಿ, ಬೆಳ್ಳಿಯ ಬಣ್ಣ ಎಂದು ಕಾಣುವ ವರ್ಣದ ಪದರ. ನಾಲ್ಕನೆಯದು ಸ್ವತಃ ಬಣ್ಣವಿಲ್ಲದ, ಗಾಜಿನಂತೆ ಪಾರದರ್ಶಕವಾದ ಪದರ. ಇದನ್ನು ಕುಶಲಕರ್ಮಿಗಳು ಕ್ಲಿಯರ್ ಕೋಟ್ ಎನ್ನುವರು. ನಾವು ಇದನ್ನು ನಿರ್ವರ್ಣಕವಚವೆಂದು ಕರೆಯೋಣ. ಈ ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ ೧೦೦ರಿಂದ ೧೫೦ ಮೈಕ್ರೋಮೀಟರ್ ದಪ್ಪವಾಗುತ್ತವೆ. ಅವುಗಳಲ್ಲಿ ನಿರ್ವರ್ಣಕವಚದ ಪಾಲು ೩೫ರಿಂದ ೫೦. ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು ೭೦ ಎಂಬುದನ್ನು ನೆನೆದರೆ, ಇಡೀ ಕಾರಿನ ಹೊಳಪು ಕೂದಲಿಗಿಂತ ತೆಳುವಾದ ಒಂದು ಪೊರೆಯನ್ನು ಆಶ್ರಯಿಸಿದೆಯೆಂದು ತಿಳಿಯುವುದು.

ಸೂರ್ಯನ ನೇರಳಾತೀತ ಕಿರಣಗಳನ್ನು ಹೀರಿಕೊಳ್ಳುವ ದ್ರವ್ಯಗಳನ್ನು ಕಾರ್ಖಾನೆಯಲ್ಲಿ ಈ ಕವಚದೊಳಗೇ ಬೆರೆಸಿರುತ್ತಾರೆ. ಕವಚವು ಇರುವ ತನಕ ಕೆಳಗಿನ ಬಣ್ಣವು ಬಾಳುವುದು. ಅದು ತೇದು ಹೋದಲ್ಲಿ ಬಣ್ಣವು ಮಂಕಾಗಿ, ಸಿಪ್ಪೆ ಏಳುವುದು. ಹೋದ ಕವಚವನ್ನು ಯಾವ ಸೀಸೆಯ ದ್ರವ್ಯವೂ ಮರಳಿ ತಾರದು. ಕಾರಿನ ಆ ಭಾಗಕ್ಕೆ ಹೊಸದಾಗಿ ಬಣ್ಣ ಹೊಡೆಸುವುದೊಂದೇ ಗತಿ. ಆದುದರಿಂದ ನಿರ್ವರ್ಣಕವಚವು ಮೂಲಧನದಂತೆ. ಈ ಲೇಖನದ ಪ್ರಮೇಯವೂ ಇದೇ: ರಕ್ಷಾಲೇಪದ ಪ್ರಯೋಜನವು ಹೊಳಪನ್ನು ಹುಟ್ಟಿಸುವುದಲ್ಲ, ಮೂಲಧನಕ್ಕೆ ಕೈಹಾಕುವ ಸಂದರ್ಭಗಳನ್ನು ಕಡಿಮೆಮಾಡುವುದು.

ಇಲ್ಲಿ ಸ್ವಲ್ಪ ಪೂರ್ವವೃತ್ತಾಂತವನ್ನು ಹೇಳಬೇಕಾಗಿದೆ. ಮೊದಮೊದಲಿನ ಮೋಟಾರುಗಳಿಗೆ, ಕುದುರೆಸಾರೋಟುಗಳಿಗೆ ಬಳಿಯುವಂತೆ, ಎಣ್ಣೆ ಮತ್ತು ರಾಳಗಳಿಂದ ಮಾಡಿದ ವಾರ್ನಿಷನ್ನು ಕುಂಚದಿಂದ ಹಚ್ಚುತ್ತಿದ್ದರು. ಪದರದ ಮೇಲೆ ಪದರ ಒಣಗುವುದಕ್ಕೆ ವಾರಗಳೇ ಹಿಡಿಯುತ್ತಿದ್ದುವು. ೧೯೨೦ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪೆನಿಯವರ ಡ್ಯೂಕೊ ಎಂಬ, ಬೇಗ ಒಣಗುವ ಲ್ಯಾಕರು ಬಂದು ಆ ಕಾಲಹರಣವು ನಿಂತಿತು. ಲ್ಯಾಕರ್ ಎಂಬ ಆ ಪದವು ನಮ್ಮ ಲಾಕ್ಷಾ ಶಬ್ದದ ಬಂಧುವೆಂಬುದನ್ನು ಭಾಷಾಶಾಸ್ತ್ರಜ್ಞರು ಬಲ್ಲರು. ಆ ಕಾಲದ ಬಣ್ಣಗಳಲ್ಲಿ ವರ್ಣವು ಮೇಲ್ಪದರದಲ್ಲಿಯೇ ಇತ್ತು. ಬಿಸಿಲಿಗೆ ಅದು ಸುಣ್ಣದ ಪುಡಿಯಂತೆ ಬಿಳಿಚಿಕೊಳ್ಳುತ್ತಿದ್ದಿತು; ಆಗಾಗ್ಗೆ ಉಜ್ಜಿ, ಆ ಸತ್ತ ಪದರವನ್ನು ತೆಗೆದು, ಮೇಣ ಹಚ್ಚುವುದು ಅವಶ್ಯವಾಗಿದ್ದಿತು. ಉಜ್ಜಿದಾಗ ಬಟ್ಟೆಗೆ ಕಾರಿನ ಬಣ್ಣವೇ ಹತ್ತುತ್ತಿದ್ದುದರಿಂದ, ತೇಯುತ್ತಿರುವುದು ಏನೆಂಬುದು ಮಾಡುವವನ ಕಣ್ಣಿಗೆ ಕಾಣುತ್ತಿದ್ದಿತು. ೧೯೮೦ರ ದಶಕದಿಂದ ಈಚೆಗೆ ನಿರ್ವರ್ಣಕವಚವುಳ್ಳ ಬಣ್ಣಗಳು ಸರ್ವತ್ರ ಹರಡಿದುವು. ಪದಾರ್ಥವು ಬದಲಾಯಿತು, ಅಭ್ಯಾಸವು ಬದಲಾಗಲಿಲ್ಲ. ಈಗ ಉಜ್ಜಿದಾಗ ಹೋಗುವುದು ಬಣ್ಣವಿಲ್ಲದ ಕವಚ. ಅದು ಬಟ್ಟೆಯಲ್ಲಿ ಗುರುತು ತೋರುವುದಿಲ್ಲ. ಕಾಣದ ನಷ್ಟವನ್ನು ನಷ್ಟವೆಂದು ಜನರು ಎಣಿಸುವುದಿಲ್ಲ.

೨. ಶುದ್ಧಿ, ಘರ್ಷಣ, ರಕ್ಷಣ

ಮಾರುಕಟ್ಟೆಯಲ್ಲಿ ಪಾಲಿಶ್ ಎಂಬ ಒಂದೇ ಹೆಸರಿನಿಂದ ವ್ಯವಹರಿಸಲ್ಪಡುವ ಕ್ರಿಯೆಗಳು ಮೂರು. ಕೊಳೆಯನ್ನು ತೆಗೆಯುವುದು ಶುದ್ಧಿ. ಇದಕ್ಕೆ ಸಾಧನ ನೀರು, ಶಾಂಪೂ, ಮತ್ತು ಬಣ್ಣದಲ್ಲಿ ಕಚ್ಚಿಕೊಂಡ ಕಣಗಳನ್ನು ಎಳೆದು ತೆಗೆಯುವ ಒಂದು ಬಗೆಯ ಮೆತ್ತನೆಯ ಜೇಡಿ. ಬಹು ನುಣುಪಾದ ಕಣಗಳಿಂದ ಮೇಲ್ಮೈಯನ್ನು ತೇದು ಗೀರುಗಳನ್ನು ಸಮಮಾಡುವುದು ಘರ್ಷಣ. ನಿಜವಾಗಿ ಪಾಲಿಶ್ ಎಂಬ ಹೆಸರು ಇದೊಂದಕ್ಕೇ ಸಲ್ಲತಕ್ಕದ್ದು. ಶುದ್ಧವಾದ ಮೇಲ್ಮೈಯ ಮೇಲೆ ಹೊಸ ದ್ರವ್ಯದ ತೆಳುಪದರವನ್ನು ಕೂರಿಸುವುದು ರಕ್ಷಣ. ಸೀಲಂಟ್ ಎಂಬುದು ಇದಕ್ಕೆ ಸಾಧನವಾದ ದ್ರವ್ಯ. ಇದಕ್ಕೆ ರಕ್ಷಾಲೇಪವೆಂಬ ಮಾತು ಅನ್ವರ್ಥವಾಗಿದೆ. ಘರ್ಷಣವು ಕಳೆಯುವ ಕ್ರಿಯೆ, ರಕ್ಷಣವು ಕೂಡುವ ಕ್ರಿಯೆ. ಕಳೆಯುವುದೂ ಕೂಡುವುದೂ ಪರಸ್ಪರ ವಿರುದ್ಧವಾದುವು. ಇವೆರಡನ್ನೂ ಒಂದೇ ಹೆಸರಿನಿಂದ ಕರೆದರೆ, ಜಮೆಯನ್ನೂ ಖರ್ಚನ್ನೂ ಒಂದೇ ಪಟ್ಟಿಯಲ್ಲಿ ಬರೆದ ಹಾಗಾಗುವುದು.

ಆದಕಾರಣ ಕೊಳ್ಳುವವನು ಮೊದಲು ಸೀಸೆಯ ಹಿಂಭಾಗವನ್ನು ಓದಬೇಕು. ಗೀರುಗಳನ್ನು ತೆಗೆಯುವುದೆಂದೂ, ಮಂಕಾದ ಬಣ್ಣಕ್ಕೆ ಕಾಂತಿಯನ್ನು ಮರಳಿಸುವುದೆಂದೂ ಬರೆದಿದ್ದರೆ ಅದರಲ್ಲಿ ತೇಯುವ ಕಣಗಳಿರುವ ಸಂಭವ ಹೆಚ್ಚು. ಅದನ್ನು ತಿಂಗಳಿಗೊಮ್ಮೆ ಹಚ್ಚತಕ್ಕದ್ದಲ್ಲ. ಶುದ್ಧವಾದ ರಕ್ಷಾಲೇಪದಲ್ಲಿ ಅಂಥ ಕಣಗಳಿಲ್ಲ. ಅದನ್ನು ಎಷ್ಟು ಸಾರಿ ಹಚ್ಚಿದರೂ ಮೂಲಧನಕ್ಕೆ ಹಾನಿಯಿಲ್ಲ. ಮೀಮಾಂಸಕರು ವೇದವಾಕ್ಯಗಳಲ್ಲಿ ವಿಧಿಯನ್ನೂ ಅರ್ಥವಾದವನ್ನೂ ಬೇರ್ಪಡಿಸುವರು: ಏನು ಮಾಡಬೇಕೆಂದು ಹೇಳುವುದು ವಿಧಿ, ಅದರಲ್ಲಿ ಪ್ರವೃತ್ತಿಯುಂಟುಮಾಡಲು ಹೊಗಳುವುದು ಅರ್ಥವಾದ. ಸೀಸೆಯ ಮುಂಭಾಗದ ದೊಡ್ಡ ಅಕ್ಷರಗಳು ಅರ್ಥವಾದ; ಹಿಂಭಾಗದ ಸಣ್ಣ ಅಕ್ಷರಗಳು ವಿಧಿ. ವಿಧಿಯನ್ನೇ ಪ್ರಮಾಣವಾಗಿಟ್ಟುಕೊಳ್ಳುವುದು ಕ್ಷೇಮ.

೩. ರಕ್ಷಾಲೇಪದ ಭೇದಗಳು

ಮೊದಲನೆಯದು ಮೇಣ. ಜೇನುಮೇಣವು ೬೨ರಿಂದ ೬೫ ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗುವುದು. ಬ್ರೆಜಿಲ್ ದೇಶದ ಈಶಾನ್ಯಭಾಗದಲ್ಲಿ ಬೆಳೆಯುವ ಕಾರ್ನೌಬಾ ಎಂಬ ತಾಳಜಾತಿಯ ಮರದ ಎಲೆಗಳಿಂದ ತೆಗೆಯುವ ಮೇಣವು ೮೨ರಿಂದ ೮೬ ಡಿಗ್ರಿಯ ತನಕ ಕರಗದು. ಸಾಮಾನ್ಯವಾಗಿ ದೊರೆಯುವ ಸಸ್ಯಮೇಣಗಳಲ್ಲಿ ಅದು ಅತ್ಯಂತ ಗಟ್ಟಿಯಾದುದೆಂದು ಹೆಸರುಗೊಂಡಿದೆ. ಶುದ್ಧ ಕಾರ್ನೌಬಾ ಇಟ್ಟಿಗೆಯ ಚೂರಿನಂತೆ ಬಿರುಸಾದುದರಿಂದ ಕೈಯಿಂದ ಹಚ್ಚಲಾಗದು. ಡಬ್ಬಿಯಲ್ಲಿ ಬರುವುದು ದ್ರಾವಕಗಳೊಡನೆಯೂ ಬೇರೆ ಮೇಣಗಳೊಡನೆಯೂ ಬೆರೆತ ಪಾಕ. ಹೀಗಿರುವಲ್ಲಿ ಡಬ್ಬಿಯ ಮೇಲೆ ಶುದ್ಧವೆಂದು ಬರೆದಿದ್ದರೆ ಅದನ್ನು ಲಕ್ಷಣಾವೃತ್ತಿಯಿಂದಲೇ ತಿಳಿಯಬೇಕು. ಮೇಣವು ಬಣ್ಣಕ್ಕೆ ರಾಸಾಯನಿಕವಾಗಿ ಬೆಸೆಯುವುದಿಲ್ಲ. ಮೇಲೆ ಕುಳಿತಿರುವುದು ಮಾತ್ರ. ಕಪ್ಪು ಕಾರಿನ ಮೈ ನಮ್ಮ ಬೇಸಗೆಯಲ್ಲಿ ೬೦ ಡಿಗ್ರಿಯನ್ನು ದಾಟುವುದರಿಂದಲೂ, ಶಾಂಪೂವಿನಿಂದ ತೊಳೆದಷ್ಟೂ ಅದು ಸವೆಯುವುದರಿಂದಲೂ ಮೇಣದ ಆಯುಸ್ಸು ಕೆಲವು ವಾರಗಳಿಂದ ಎರಡು ಮೂರು ತಿಂಗಳು.

ಎರಡನೆಯದು ಸಂಶ್ಲೇಷಿತ ಸೀಲಂಟ್. ಇದು ಮರದ ಮೇಣವಲ್ಲ. ರಸಾಯನಶಾಲೆಯಲ್ಲಿ ಕಟ್ಟಿದ ದೀರ್ಘಶೃಂಖಲೆಯ ಅಣುಗಳುಳ್ಳ ಪಾಲಿಮರು. ಇವುಗಳಲ್ಲಿ ಸಿಲಿಕೋನ್ ಜಾತಿಯವು ಮುಖ್ಯ. ಕೆಲವು ಸಿಲಿಕೋನುಗಳ ಸರಪಳಿಗೆ ಸಾರಜನಕವುಳ್ಳ ಅಮಿನೊ ಗುಂಪುಗಳನ್ನು ಜೋಡಿಸಿರುವರು. ಅವು ಬಣ್ಣದ ಮೇಲ್ಮೈಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಆದುದರಿಂದ ಶಾಂಪೂವಿಗೂ ಬಿಸಿಲಿಗೂ ಇದು ಮೇಣಕ್ಕಿಂತ ಹೆಚ್ಚು ಕಾಲ ತಡೆಯುವುದು. ನಾಲ್ಕರಿಂದ ಆರು ತಿಂಗಳ ಬಾಳಿಕೆಯನ್ನು ನಿರೀಕ್ಷಿಸಬಹುದು. ಕೈಯಿಂದ ಹಚ್ಚಿ, ಕೈಯಿಂದ ಒರಸಿ, ಮನೆಯಲ್ಲಿಯೇ ಮುಗಿಸಬಹುದಾದ ಕೆಲಸವಿದು.

ಮೂರನೆಯದು ಸಿರಾಮಿಕ್ ಕೋಟಿಂಗ್ ಎಂಬುದು. ಸಿಲಿಕಾನಿನ ಸಂಯುಕ್ತಗಳು ಗಾಳಿಯ ತೇವದೊಡನೆ ಪ್ರತಿಕ್ರಿಯೆ ಹೊಂದಿ, ಗಾಜಿನಲ್ಲಿರುವಂಥ ಸಿಲಿಕಾನ್–ಆಮ್ಲಜನಕಗಳ ಜಾಲವಾಗಿ ಗಟ್ಟಿಯಾಗುವುದು ಇದರ ತತ್ತ್ವ. ಇದು ಸೀಲಂಟಿಗಿಂತ ಬಹುಕಾಲ, ಉತ್ತಮವಾಗಿ ಪಾಲಿಸಿದರೆ ಎರಡು ಮೂರು ವರ್ಷಗಳವರೆಗೂ, ನಿಲ್ಲುವುದುಂಟು. ಆದರೆ ಎರಡು ಮಾತನ್ನು ಮರೆಯಬಾರದು. ಇದರ ಕೆಳಗೆ ಸಿಕ್ಕಿದ ಗೀರು ಕಾಣುತ್ತಲೇ ಇರುವುದಾದ್ದರಿಂದ ಹಚ್ಚುವ ಮೊದಲು ಕುಶಲಕರ್ಮಿಯು ಸಾಮಾನ್ಯವಾಗಿ ಯಂತ್ರದಿಂದ ಕವಚವನ್ನು ತೇಯುವನು. ಹಚ್ಚುವಾಗ ಒರಸದೆ ಉಳಿದ ತುಣುಕು ಗಟ್ಟಿಯಾಗಿ ಕಲೆ ನಿಂತರೆ ಅದನ್ನು ತೆಗೆಯುವುದಕ್ಕೂ ಮತ್ತೆ ತೇಯಲೇಬೇಕು. ಎಂದರೆ ಈ ಲೇಪವು ಮೂಲಧನವನ್ನು ಕಾಯುವುದಕ್ಕೆ ಮುಂಚೆ ಅದರಲ್ಲಿ ಒಂದು ಪಾಲನ್ನು ದಕ್ಷಿಣೆಯಾಗಿ ಕೇಳುವುದು.

ಇವುಗಳಿಗೆ ಹೊರತಾಗಿ ಪಾಲಿಯುರಿಥೇನಿನ ಪಾರದರ್ಶಕ ಹಾಳೆಯನ್ನು ಬಣ್ಣದ ಮೇಲೆ ಅಂಟಿಸುವ ಕ್ರಮವುಂಟು. ಅದರ ದಪ್ಪ ೧೫೦ರಿಂದ ೨೦೦ ಮೈಕ್ರೋಮೀಟರ್. ಹೆದ್ದಾರಿಯಲ್ಲಿ ಮುಂದಿನ ಲಾರಿಯ ಚಕ್ರದಿಂದ ಸಿಡಿಯುವ ಕಲ್ಲಿನ ಪೆಟ್ಟನ್ನು ತಡೆಯುವುದು ಈ ಹಾಳೆಗೆ ಸಾಧ್ಯವೇ ಹೊರತು ಮೇಲೆ ಹೇಳಿದ ಮೂರು ಲೇಪಗಳಲ್ಲಿ ಯಾವುದಕ್ಕೂ ಸಾಧ್ಯವಲ್ಲ. ಅದು ಲೇಪವಲ್ಲ, ಹೊದಿಕೆ. ಆದುದರಿಂದ ಇಲ್ಲಿ ಅದರ ವಿಚಾರವನ್ನು ಬೆಳೆಸುವುದಿಲ್ಲ.

೪. ಪರೀಕ್ಷೆ

ಇನ್ನು ಲೇಪಗಳ ವಿಷಯದಲ್ಲಿ ಕೇಳಿಬರುವ ಪ್ರತಿಜ್ಞೆಗಳನ್ನು ಒಂದೊಂದಾಗಿ ಪರೀಕ್ಷಿಸುವ.

ಲೇಪವೇ ಹೊಳಪನ್ನು ಕೊಡುವುದೆಂಬುದು ಮೊದಲನೆಯ ಪ್ರತಿಜ್ಞೆ. ಬೆಳಕು ಸಮವಾದ ಮೇಲ್ಮೈಯಿಂದ ಒಂದೇ ದಿಕ್ಕಿಗೆ ಮರಳಿದರೆ ಹೊಳಪು; ಗೀರುಗಳಿಂದ ಚದರಿ ಹಲವು ದಿಕ್ಕಿಗೆ ಹೋದರೆ ಮಂಕು. ಆದುದರಿಂದ ಹೊಳಪಿಗೆ ಕಾರಣ ನಯ, ದ್ರವ್ಯವಲ್ಲ. ಚನ್ನಪಟ್ಟಣದ ಗೊಂಬೆ ಮಾಡುವವರು ಇದನ್ನು ಚೆನ್ನಾಗಿ ಬಲ್ಲರು. ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುವುದು. ಆದರೆ ಗೊಂಬೆಗೆ ಕಾಂತಿ ಬರುವುದು ಆಮೇಲೆ ಅವರು ತಾಳೆಗರಿಯನ್ನು ಒತ್ತಿ ಅರಗನ್ನು ನಯಮಾಡಿದಾಗ. ರಕ್ಷಾಲೇಪವು ಅತಿ ಸಣ್ಣ ಗೀರುಗಳನ್ನು ತುಂಬಿ ಕೊಂಚ ನಯವನ್ನು ತರುವುದುಂಟು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಗೀರಿದ ಮಂಕು ಕಾರಿಗೆ ಬರಿಯ ಲೇಪದಿಂದ ಕನ್ನಡಿಯ ಕಾಂತಿ ಬಾರದು. ಹೊಸ ನಯವಾದ ಕಾರಿಗೆ ಲೇಪವು ಹೊಳಪನ್ನು ಹೆಚ್ಚಿಸುವುದಕ್ಕಿಂತ ಇರುವುದನ್ನು ಉಳಿಸುವುದೇ ಹೆಚ್ಚು.

ನೀರು ಹನಿಹನಿಯಾಗಿ ಉರುಳಿದರೆ ರಕ್ಷಣೆಯುಂಟೆಂಬುದು ಎರಡನೆಯದು. ತಾವರೆಯ ಎಲೆ, ಕೆಸುವಿನ ಎಲೆಗಳ ಮೇಲಿನ ನೀರು ನಮ್ಮ ಜನಕ್ಕೆ ಬಹುಪರಿಚಿತವಾದ ದೃಷ್ಟಾಂತ. ವ್ಯಾಪಾರಿಗಳೂ ಅದನ್ನೇ ಹಿಡಿದುಕೊಂಡಿದ್ದಾರೆ. ಜರ್ಮನಿಯ ಸಸ್ಯಶಾಸ್ತ್ರಜ್ಞರಾದ ಬಾರ್ತ್‌ಲಾಟ್ ಮತ್ತು ನೈನ್‌ಹೂಯಿಸ್ ಎಂಬವರು ೧೯೯೭ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತಾವರೆ ಎಲೆಯ ಗುಣಕ್ಕೆ ಅದರ ಮೇಣದೊಂದಿಗೆ ಅದರ ಸೂಕ್ಷ್ಮವಾದ ಉಬ್ಬುಗಳೂ ಕಾರಣವೆಂದು ತೋರಿಸಿದರು. ನೀರಿನ ಹನಿಯು ಮೇಲ್ಮೈಯೊಡನೆ ಮಾಡುವ ಕೋನವು ತಾವರೆ ಎಲೆಯ ಮೇಲೆ ಸುಮಾರು ೧೬೦ ಡಿಗ್ರಿ. ನಯವಾದ ಮೇಲ್ಮೈಗೆ ಎಂಥ ದ್ರವ್ಯವನ್ನು ಬಳಿದರೂ ಅದು ೧೨೦ ಡಿಗ್ರಿಯ ಆಸುಪಾಸನ್ನು ಮೀರಲಾರದು. ತಾವರೆ ಎಲೆ ಒರಟು. ಆದುದರಿಂದಲೇ ಅದು ಕನ್ನಡಿಯಂತೆ ಹೊಳೆಯುವುದಿಲ್ಲ. ಕಾರಿನ ಮೈ ಹೊಳೆಯಬೇಕು, ತಾವರೆ ಎಲೆಯಂತೆಯೂ ಇರಬೇಕೆಂದು ಒಂದೇ ಉಸಿರಿನಲ್ಲಿ ಹೇಳುವುದು ವ್ಯಾಘಾತಕ್ಕೆ ಸಮೀಪವಾದ ಮಾತು. ಇದಲ್ಲದೆ ಹನಿಗಟ್ಟುವುದಕ್ಕೂ ರಕ್ಷಣೆಗೂ ವ್ಯಾಪ್ತಿಯಿಲ್ಲ. ಕೊಬ್ಬರಿ ಎಣ್ಣೆಯನ್ನು ಸವರಿದ ತಗಡಿನ ಮೇಲೂ ನೀರು ಹನಿಯಾಗುವುದು, ಅಲ್ಲಿ ರಕ್ಷಣೆಯೇನೂ ಇಲ್ಲ. ಹೇತುವು ವ್ಯಭಿಚರಿಸಿದ್ದರಿಂದ ಅನುಮಾನವು ನಿಲ್ಲದು. ಮೇಲಾಗಿ ನಮ್ಮ ಬಯಲುಸೀಮೆಯ ಕೊಳವೆಬಾವಿಯ ಗಡುಸು ನೀರು ಬಿಸಿಲಿನಲ್ಲಿ ಹನಿಯಾಗಿ ನಿಂತು ಒಣಗಿದರೆ ಅದರಲ್ಲಿನ ಸುಣ್ಣಾಂಶವೆಲ್ಲ ಒಂದೇ ಉಂಗುರದಲ್ಲಿ ಕೂಡಿ ಬಿಳಿಯ ಕಲೆಯಾಗುವುದು. ಹನಿಯಿಂದ ತಿಳಿಯಬಹುದಾದುದು ಇಷ್ಟೆ: ಹಚ್ಚಿದ ಮೊದಲ ವಾರ ಹನಿ ಹೇಗಿದ್ದಿತೋ ಹಾಗೆ ಈಗ ಇಲ್ಲದಿದ್ದರೆ, ಮತ್ತು ಚೆನ್ನಾಗಿ ತೊಳೆದ ಮೇಲೂ ಹಾಗೆ ಆಗದಿದ್ದರೆ, ಲೇಪವು ಸವೆದಿದೆ.

ಮೂರನೆಯದು ಕಾಠಿಣ್ಯ. ಸಿರಾಮಿಕ್ ಲೇಪಗಳ ಮೇಲೆ ೯ ಎಚ್ ಎಂದು ಮುದ್ರಿಸಿ ಅದು ವಜ್ರಕ್ಕೆ ಒಂದೇ ಮೆಟ್ಟಿಲು ಕೆಳಗೆಂಬಂತೆ ಹೇಳುವುದುಂಟು. ಇಲ್ಲಿ ಎರಡು ಅಳತೆಗಳ ಸಾಂಕರ್ಯವಾಗಿದೆ. ೧೮೧೨ರಲ್ಲಿ ಫ್ರೆಡರಿಕ್ ಮೋಸ್ ಎಂಬ ಖನಿಜಶಾಸ್ತ್ರಜ್ಞನು ಮಾಡಿದ ಪಟ್ಟಿಯಲ್ಲಿ ವಜ್ರಕ್ಕೆ ೧೦, ಸ್ಫಟಿಕಶಿಲೆಗೆ ೭. ಆದರೆ ೯ ಎಚ್ ಎಂಬುದು ಬರೆಯುವ ಪೆನ್ಸಿಲಿನ ದರ್ಜೆ. ಮೆತ್ತನೆಯ ಬಿ ದರ್ಜೆಗಳಿಂದ ಬಿರುಸಾದ ಎಚ್ ದರ್ಜೆಗಳವರೆಗೆ ಪೆನ್ಸಿಲುಗಳನ್ನು ಗೊತ್ತಾದ ಭಾರದಿಂದ ಲೇಪದ ಮೇಲೆ ಎಳೆದು, ಯಾವುದು ಗೀರುವುದಿಲ್ಲವೋ ಅದನ್ನು ಲೇಪದ ಕಾಠಿಣ್ಯವೆಂದು ಬರೆಯುವರು. ಪೆನ್ಸಿಲಿನ ಕಡ್ಡಿ ಗ್ರಾಫೈಟ್ ಮತ್ತು ಜೇಡಿಯ ಮಿಶ್ರಣ. ೯ ಎಚ್ ಎಂದರೆ ಪೆನ್ಸಿಲು ಗೀರಲಾರದೆಂದು ಮಾತ್ರ ಅರ್ಥ. ನಮ್ಮ ರಸ್ತೆಯ ಧೂಳಿನಲ್ಲಿರುವ ಮರಳಿನ ಕಣವೋ ಸ್ಫಟಿಕಶಿಲೆಯ ಚೂರು. ಅದು ಎಲ್ಲ ಪೆನ್ಸಿಲುಗಳನ್ನೂ ಮೀರಿದುದು. ಒಂದು ಮೈಕ್ರೋಮೀಟರಿನ ಆಸುಪಾಸು ದಪ್ಪದ ಲೇಪವು ಅದರ ಎದುರು ಎಷ್ಟು ನಿಂತೀತು? ಹಳೆಯ ವಜ್ರಲೇಪದ ವಜ್ರವು ಉಪಮೆಯಾಗಿತ್ತು. ಹೊಸದರಲ್ಲಿ ಉಪಮೆಯು ಅಂಕಿಯ ವೇಷವನ್ನು ತೊಟ್ಟಿದೆ.

ನಾಲ್ಕನೆಯದು ಟೆಫ್ಲಾನ್. ೧೯೩೮ರಲ್ಲಿ ರಾಯ್ ಪ್ಲಂಕೆಟ್ ಎಂಬ ರಸಾಯನಜ್ಞನು ಕಂಡುಹಿಡಿದ ಈ ದ್ರವ್ಯವು ದೋಸೆಯ ಕಾವಲಿಗೆ ಹತ್ತಿರುವುದನ್ನು ಗೃಹಿಣಿಯರು ಬಲ್ಲರು. ಅದು ಕರಗುವುದು ೩೨೭ ಡಿಗ್ರಿಗೆ; ಕಾವಲಿಗೆ ಅದನ್ನು ಭದ್ರವಾಗಿ ಹತ್ತಿಸಬೇಕಾದರೆ ಅದಕ್ಕೂ ಹೆಚ್ಚಿನ ಶಾಖದಲ್ಲಿ ಬೇಯಿಸಬೇಕು. ಕಾರಿನ ಬಣ್ಣವು ಅಂಥ ಶಾಖವನ್ನು ತಾಳದು. ಯಾವುದಕ್ಕೂ ಅಂಟದಿರುವುದೇ ಸ್ವಭಾವವಾದ ದ್ರವ್ಯವು ಬರಿಯ ಕೈಯಿಂದ ಸವರಿದರೆ ಬಣ್ಣಕ್ಕೆ ಬೆಸೆದು ನಿಲ್ಲುವುದೆಂಬುದು ಸ್ವಭಾವವಿರುದ್ಧವಾದ ಮಾತು. ಟೆಫ್ಲಾನ್ ಕೋಟಿಂಗ್ ಎಂದು ನಮ್ಮೂರುಗಳ ಕಾರ್ಯಾಗಾರಗಳಲ್ಲಿ ಹಚ್ಚುವ ದ್ರವ್ಯವು ಕೆಲಸಮಾಡುತ್ತಿದ್ದರೆ ಅದು ಅದರಲ್ಲಿರುವ ಮೇಣ ಅಥವಾ ಸಿಲಿಕೋನಿನ ಗುಣದಿಂದಲೆಂದು ತಿಳಿಯತಕ್ಕದ್ದು.

ಐದನೆಯದು ಸೂರ್ಯಕಿರಣದಿಂದ ರಕ್ಷಣೆ. ನೇರಳಾತೀತ ಕಿರಣವನ್ನು ಹೀರುವ ಸಾಮರ್ಥ್ಯವು ಹೀರುವ ದ್ರವ್ಯದ ಪ್ರಮಾಣವನ್ನೂ ಪದರದ ದಪ್ಪವನ್ನೂ ಅನುಸರಿಸುವುದು. ೪೦ ಮೈಕ್ರೋಮೀಟರಿನ ಕವಚವು ಮಾಡುವ ಕೆಲಸವನ್ನು ಅದರ ಮೇಲಿನ ಒಂದು ಮೈಕ್ರೋಮೀಟರು ಮಾಡಲಾರದು. ಆದರೆ ಲೇಪವಿದ್ದಲ್ಲಿ ತೇಯುವಿಕೆ ಕಡಿಮೆಯಾಗಿ ಕವಚವು ಉಳಿಯುವುದರಿಂದ, ಪರಂಪರೆಯಾಗಿ ಬಿಸಿಲಿನಿಂದಲೂ ರಕ್ಷಣೆಯಾಯಿತೆನ್ನಬಹುದು, ಸಾಕ್ಷಾತ್ತಾಗಿ ಅಲ್ಲ.

ಹಾಗಾದರೆ ಲೇಪವು ನಿಜವಾಗಿ ಮಾಡುವ ಕೆಲಸವೇನು? ಹಕ್ಕಿಯ ಹಿಕ್ಕೆ, ಮರದ ಅಂಟು, ಸತ್ತ ಕೀಟ, ಉಪ್ಪಿನ ತೇವ, ಇವು ಕವಚಕ್ಕೆ ಮೊದಲು ತಾಗದೆ ಲೇಪಕ್ಕೆ ತಾಗುವುವು. ತೊಳೆಯಲು ನಮಗೆ ಕೆಲವು ಗಂಟೆಗಳ ಬಿಡುವು ದೊರೆಯುವುದು. ಕೊಳೆಯು ಸಡಿಲವಾಗಿ ಕುಳಿತಿರುವುದರಿಂದ ಒತ್ತಿ ಉಜ್ಜದೆಯೇ ಹೋಗುವುದು. ಲೇಪವು ತಾನು ಸವೆಯುವುದಕ್ಕಾಗಿಯೇ ಇರುವ ಪದರ. ಸವೆಯದ ಲೇಪವನ್ನು ಹುಡುಕುವುದಕ್ಕಿಂತ ಸವೆದಾಗ ಸುಲಭವಾಗಿ ಮತ್ತೆ ಹಚ್ಚಬಹುದಾದ ಲೇಪವನ್ನು ಹುಡುಕುವುದು ಬುದ್ಧಿವಂತಿಕೆ.

೫. ಆಯ್ಕೆ

ಇದರಿಂದ ಆಯ್ಕೆಗೆ ಮೂರು ಪ್ರಶ್ನೆಗಳು ಸಾಕು: ಕಾರು ಎಲ್ಲಿ ನಿಲ್ಲುವುದು? ಅದನ್ನು ಯಾರು ತೊಳೆಯುವರು? ಎಷ್ಟು ಕಾಲಕ್ಕೊಮ್ಮೆ ಮತ್ತೆ ಹಚ್ಚಲು ನಮಗೆ ಅವಕಾಶವುಂಟು?

ನೆರಳಿನ ಮನೆಯಲ್ಲಿ ನಿಂತು, ವಾರಕ್ಕೊಮ್ಮೆ ಹೊರಡುವ, ಒಡೆಯನೇ ಪ್ರೀತಿಯಿಂದ ತೊಳೆಯುವ ಕಾರಿಗೆ ಮೇಣವು ಸಾಕು. ಬೆಂಗಳೂರಿನ ಬೀದಿಯ ಮರದ ಕೆಳಗೂ, ಮಂಗಳೂರು ಉಡುಪಿಗಳ ಉಪ್ಪುಗಾಳಿಯಲ್ಲಿಯೂ, ಬಳ್ಳಾರಿ ಸಂಡೂರುಗಳ ಅದಿರಿನ ಕೆಂಧೂಳಿಯಲ್ಲಿಯೂ ಬಯಲಿಗೆ ನಿಲ್ಲುವ ಕಾರಿಗೆ ಸೀಲಂಟ್ ಯುಕ್ತ. ಹೊಸ ಕಾರು, ಕುಶಲನಾದ ಕರ್ಮಿ, ಹತ್ತಾರು ಸಾವಿರ ರೂಪಾಯಿಯ ವೆಚ್ಚಕ್ಕೆ ಸಿದ್ಧನಾದ ಒಡೆಯ, ಮತ್ತು ಆಮೇಲೆಯೂ ಶ್ರದ್ಧೆಯಿಂದ ತೊಳೆಯುವ ಕೈ, ಈ ನಾಲ್ಕೂ ಕೂಡಿದಲ್ಲಿ ಸಿರಾಮಿಕ್ ಲೇಪವು ಸಾರ್ಥಕವಾಗುವುದು. ಒಂದು ತಪ್ಪಿದರೂ ಫಲವು ಸಂದಿಗ್ಧ.

ಎರಡನೆಯ ಪ್ರಶ್ನೆಯೇ ಇವುಗಳಲ್ಲಿ ಗುರುತರವಾದುದು. ಪಟ್ಟಣಗಳಲ್ಲಿ ಬೆಳಗಾಗುತ್ತಲೇ ಒಂದೇ ಬಕೆಟ್ಟಿನ ನೀರು, ಒಂದೇ ಹಳೆಯ ಬಟ್ಟೆಯಿಂದ ಹತ್ತು ಕಾರುಗಳನ್ನು ಒರಸಿಕೊಂಡು ಹೋಗುವುದುಂಟು; ನೀರೂ ಇಲ್ಲದೆ ಧೂಳನ್ನು ಒಣಬಟ್ಟೆಯಿಂದ ಝಾಡಿಸುವುದೂ ಉಂಟು. ಆ ಬಟ್ಟೆಯಲ್ಲಿ ಸಿಕ್ಕಿದ ಮರಳು ಪ್ರತಿದಿನವೂ ಕವಚವನ್ನು ಗೀರುವುದು. ಬಿಸಿಲಿನಲ್ಲಿ ಬಾನೆಟ್ಟಿನ ಮೇಲೆ ಕಾಣುವ ಜೇಡರ ಬಲೆಯಂಥ ವೃತ್ತಗಳು ಇದರ ಫಲ. ಈ ಪದ್ಧತಿ ನಿಲ್ಲದೆ ಯಾವ ಲೇಪವನ್ನು ಕೊಂಡರೂ ಅದು ತೂತಿನ ಕೊಡಕ್ಕೆ ನೀರು ಹೊಯ್ದಂತೆ. ದಿನವೂ ಒರಸುವುದಕ್ಕಿಂತ ವಾರಕ್ಕೊಮ್ಮೆ ತೊಳೆಯುವುದು ಲೇಸು.

೬. ಪ್ರಯೋಗವಿಧಿ

ಸೀಲಂಟನ್ನು ಹಚ್ಚುವ ಕ್ರಮವನ್ನು ಸಂಕ್ಷೇಪವಾಗಿ 

ಹೇಳುವುದಾದರೆ: ಮೊದಲು ಧಾರಾಳವಾದ ನೀರಿನಿಂದ ಮರಳನ್ನು ಹರಿಯಗೊಡಬೇಕು. ಎರಡು ಬಕೆಟ್ಟುಗಳನ್ನಿಟ್ಟು, ಒಂದರಲ್ಲಿ ಶಾಂಪೂವಿನ ನೀರು, ಇನ್ನೊಂದರಲ್ಲಿ ಬಟ್ಟೆಯನ್ನು ಜಾಲಿಸುವ ಬರಿಯ ನೀರು ಇರಬೇಕು. ಮೇಲಿನಿಂದ ಕೆಳಕ್ಕೆ ತೊಳೆಯಬೇಕು. ಒಣಗಿದ ಮೇಲೆ ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಮೆಲ್ಲನೆ ಸವರಿದರೆ ಬಣ್ಣದಲ್ಲಿ ಕಚ್ಚಿಕೊಂಡ ಕಣಗಳು ಒರಟಾಗಿ ತಿಳಿಯುವುವು. ಅವನ್ನು ಜೇಡಿಯಿಂದ ತೆಗೆಯಬೇಕು. ಹಳೆಯ ಮೇಣವಿದ್ದರೆ ಅದನ್ನೂ ಕಳೆಯಬೇಕು. ಏಕೆಂದರೆ ಸೀಲಂಟು ಹಿಡಿದುಕೊಳ್ಳಬೇಕಾದುದು ಬಣ್ಣವನ್ನು, ಮೇಣವನ್ನಲ್ಲ. ಸೀಲಂಟಿನ ಮೇಲೆ ಮೇಣವನ್ನು ಹಚ್ಚಬಹುದು, ಮೇಣದ ಮೇಲೆ ಸೀಲಂಟನ್ನು ಹಚ್ಚಬಾರದು. ಆಮೇಲೆ ನೆರಳಿನಲ್ಲಿ, ಮುಟ್ಟಿದರೆ ತಣ್ಣಗಿರುವ ಮೈಗೆ, ಆದಷ್ಟು ತೆಳುವಾಗಿ ಹಚ್ಚಿ, ಸೀಸೆಯಲ್ಲಿ ಹೇಳಿದಷ್ಟು ಹೊತ್ತು ಬಿಟ್ಟು, ಮೈಕ್ರೋಫೈಬರ್ ಬಟ್ಟೆಯಿಂದ ಹಗುರವಾಗಿ ಒರಸಬೇಕು. ದಪ್ಪವಾಗಿ ಹಚ್ಚಿದರೆ ಹೆಚ್ಚು ರಕ್ಷಣೆಯೆಂಬುದು ಭ್ರಾಂತಿ. ಬಣ್ಣಕ್ಕೆ ಹತ್ತಿದಷ್ಟೇ ಉಳಿಯುವುದು, ಮಿಕ್ಕುದು ಬಟ್ಟೆಯ ಪಾಲು. ಅನಂತರ ಕೆಲವು ಗಂಟೆಗಳು ಮಳೆ ಇಬ್ಬನಿಗಳು ತಾಗಬಾರದು.

ಕಾರ್ಖಾನೆಯ ಬಣ್ಣವು ಸುಮಾರು ೧೪೦ ಡಿಗ್ರಿಯ ಒಲೆಯಲ್ಲಿ ಬೆಂದು ಬಂದಿರುವುದರಿಂದ ಹೊಸ ಕಾರಿಗೆ ಲೇಪವನ್ನು ಕೂಡಲೇ ಹಚ್ಚಬಹುದು. ಆದರೆ ಅಪಘಾತದ ಮೇಲೆ ಕಾರ್ಯಾಗಾರದಲ್ಲಿ ಹೊಡೆಸಿದ ಬಣ್ಣದಿಂದ ದ್ರಾವಕವು ಹೊರಹೋಗಲು ಕಾಲ ಬೇಕು. ಬಣ್ಣ ಹೊಡೆದವನನ್ನು ಕೇಳಿ, ಒಂದೆರಡು ತಿಂಗಳಾದರೂ ಬಿಟ್ಟು ಹಚ್ಚುವುದು ಮೇಲು.

ಕಾಲವನ್ನು ನೆನಪಿಡುವುದಕ್ಕೆ ನಮ್ಮ ಪಂಚಾಂಗವೇ ಸಹಾಯಕವಾಗಿದೆ. ಮುಂಗಾರಿಗೆ ಮೊದಲು ವೈಶಾಖದಲ್ಲೊಮ್ಮೆ, ಮಳೆ ಹಿಂದಾದಾಗ ಆಯುಧಪೂಜೆಯ ಮುನ್ನಾದಿನದಲ್ಲೊಮ್ಮೆ, ಸಂಕ್ರಾಂತಿ ಕಳೆದ ಮೇಲೊಮ್ಮೆ ಹಚ್ಚಿದರೆ ವರ್ಷವಿಡೀ ಲೇಪವು ತಪ್ಪದು. ಆಯುಧಪೂಜೆಯಂದು ಇಟ್ಟ ಅರಿಶಿನ ಕುಂಕುಮಗಳನ್ನು ಒಣಗಿದ ಮೇಲೆ ಉಗುರಿನಿಂದ ಕೆರೆಯದೆ, ಒಣಬಟ್ಟೆಯಿಂದ ಉಜ್ಜದೆ, ನೀರಿನಿಂದ ನೆನೆಸಿ ತೆಗೆಯಬೇಕು.

ಒಟ್ಟಿನಲ್ಲಿ ನಿರ್ಣಯವಿದು: ಹೊಳಪು ಮೇಲ್ಮೈಯ ನಯದ್ದು, ರಕ್ಷೆ ಲೇಪದ್ದು, ಎರಡಕ್ಕೂ ಆಶ್ರಯವು ಕೂದಲಿಗಿಂತ ತೆಳುವಾದ ಆ ಕವಚದ್ದು. ತೇಯುವ ಕಣಗಳಿಲ್ಲದ, ನಮ್ಮ ಕೈಯಿಂದಲೇ ನಾಲ್ಕು ತಿಂಗಳಿಗೊಮ್ಮೆ ಹಚ್ಚಬಹುದಾದ ಸಾಧಾರಣ ಬೆಲೆಯ ಸೀಲಂಟು ಬಹುಮಂದಿ ಗೃಹಸ್ಥರಿಗೆ ಉತ್ತಮವಾದ ಆಯ್ಕೆ. ಕೋಟಿ ವರ್ಷದ ಲೇಪವು ವರಾಹಮಿಹಿರನ ಕಾಲದಲ್ಲಿಯೂ ಫಲಶ್ರುತಿಯೇ ಆಗಿದ್ದಿತು. ನಾಲ್ಕು ತಿಂಗಳ ಲೇಪವು ನಾಲ್ಕು ತಿಂಗಳು ನಿಂತರೆ ಅದು ಪ್ರಮಾಣಸಿದ್ಧವಾದ ಫಲ. ವಿಜ್ಞರು ಪರಾಂಬರಿಸುವುದು.